ಹನ್ನೊಂದನೇ ಕಲಮು

ಆ ಕಾಲದಲ್ಲಿ ನಲ್ಲಿ ಕೆಲಸದ ಲೈಸೆನ್ಸ್ ಪಡೆಯುವುದು ಹೆಣ್ಣು ಹುಡುಕಿ ಮದುವೆ ಮಾಡಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ಮದುವೆಗೆ ಜಾತಕ ಕೂಡಿಬಂದರೆ ಸಾಕು. ಲೈಸೆನ್ಸಿಗೆ ಲೈಸೆನ್ಸ್ ಇರುವವರೊಬ್ಬರ ಕೈಕೆಳಗೆ ಐದು ವರ್ಷ ದುಡಿದಿರಬೇಕು, ದುಡಿದದ್ದಕ್ಕೆ ಅವರ ರುಜು ಬಿದ್ದ ಕೆಲಸದ ಪುಸ್ತಕ ಬೇಕು, ಹನ್ನೆರಡು ಕಲಮುಗಳ ಫಾರಂ ತುಂಬಬೇಕು, ಕೊನೆಗೆ ಇನ್‌ಸ್ಪೆಕ್ಟರ ಕಣ್ಣೆದುರು ಪೈಪು ಕೂಡಿಸಿ ನೀರು ಬಿಟ್ಟು, ಒಂದು ತೊಟ್ಟೂ ಸೋರುವುದಿಲ್ಲ ಎಂದು ತೋರಿಸಬೇಕು. ಲೈಸೆನ್ಸ್ ಇಲ್ಲದವನು ಸಾಯುವ ತನಕ ಇನ್ನೊಬ್ಬನ ಹೆಸರಿನಲ್ಲೇ ಗುಂಡಿ ತೋಡಬೇಕು. ನೀರು ಬಂದ ದಿನ ಮನೆಯವರು ಹೊಗಳುವುದು ಆ ಇನ್ನೊಬ್ಬನನ್ನು.

ನನಗೆ ಆ ಲೈಸೆನ್ಸ್ ಬೇಕಿತ್ತು. ಮತ್ತಿಕೆರೆಯ ನಮ್ಮ ಹೊಲದ ಮೇಲೆ ಯಾವುದೋ ಕಾರ್ಖಾನೆಯ ಕಾಂಪೌಂಡು ಎದ್ದಿತ್ತು. ನಮ್ಮಪ್ಪ ಬೆಳಗಾದರೆ ಆ ಗೋಡೆಯ ಹತ್ತಿರ ಹೋಗಿ ಸುಮ್ಮನೆ ನಿಂತು ಬರುತ್ತಿದ್ದ. ಮುನಿಆಂಜಿನಪ್ಪ ಎಂಬ ನನ್ನ ಹೆಸರು ಪಹಣಿಯಲ್ಲಂತೂ ಇನ್ನು ಬರುವ ಹಾಗಿರಲಿಲ್ಲ. ಒಂದು ಸರ್ಕಾರಿ ಕಾಗದದ ಮೇಲಾದರೂ ಬರಲಿ ಎಂಬ ಹಟ ನನ್ನನ್ನು ಹಿಡಿದಿತ್ತು.

ಕೆಲಸ ಕಲಿಸಿದವರು ಯಶವಂತಪುರದ ಹಬೀಬುಲ್ಲಾ ಸಾಬರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಅವರು ಕೂಡಿಸಿದ ಜಾಯಿಂಟು ಸೋರಿದ್ದನ್ನು ಕಂಡವರಿಲ್ಲ. ತುಟಿಯಲ್ಲಿ ಯಾವಾಗಲೂ ಬೀಡಿ, ಮಾತು ಕಮ್ಮಿ, ಬೈಗುಳ ಜಾಸ್ತಿ, ಬೈದ ಮೇಲೆ ಟೀ ಕೊಡಿಸುವುದು ಮಾತ್ರ ಖಂಡಿತ. ನಾನು ಐದು ವರ್ಷ ಅವರ ಬೈಗುಳವನ್ನೂ ಟೀಯನ್ನೂ ಒಟ್ಟೊಟ್ಟಿಗೆ ಕುಡಿದೆ.

ದೊಡ್ಡ ಪೈಪಿನ ಕೆಲಸದಲ್ಲಿ ಒಬ್ಬ ಗುಂಡಿಯಲ್ಲಿರುತ್ತಾನೆ, ಇನ್ನೊಬ್ಬ ದೂರದ ವಾಲ್ವಿನ ಹತ್ತಿರ. ನಡುವೆ ಅರ್ಧ ಫರ್ಲಾಂಗು. ಯಶವಂತಪುರದ ರೈಲಿನ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ. ಅದಕ್ಕೆ ಗುಂಡಿಯಲ್ಲಿರುವವನು ಸುತ್ತಿಗೆಯಿಂದ ಪೈಪಿನ ಮೇಲೆ ಬಡಿಯುತ್ತಾನೆ, ಸದ್ದು ಕಬ್ಬಿಣದೊಳಗೇ ನಡೆದು ವಾಲ್ವಿನ ತನಕ ಬರುತ್ತದೆ. ಒಂದು ಸಲ ಬಡಿದರೆ 'ತಾಳು' ಅಂತ. ಎರಡು ಬಡಿದರೆ 'ನೀರು ಬಿಡು'. ಮೂರು ಬಡಿದರೆ 'ಕಟ್ಟು'. ಬಡಿದ ಸದ್ದು ಎಷ್ಟು ಮಾರು ದೂರದಿಂದ ಬಂತು ಎಂದು ಹೇಳುವಷ್ಟು ನನ್ನ ಕಿವಿ ಪಳಗಿತ್ತು.

"ಮನುಷ್ಯ ಸುಳ್ಳು ಹೇಳ್ತಾನೆ, ಕಬ್ಬಿಣ ಹೇಳಲ್ಲ ಕಣೋ ಆಂಜಿನಿ," ಎನ್ನುತ್ತಿದ್ದರು ಸಾಬರು.

ಸಾವಿರದ ಒಂಬೈನೂರ ಅರವತ್ತನೇ ಇಸವಿ, ಮಾಘ ಮಾಸ. ಮತ್ತಿಕೆರೆ ರಸ್ತೆಯಲ್ಲಿ ಹೊಸ ಲೈನು ಎಳೆಯುತ್ತಿದ್ದೆವು. ಬೀಡು ಕಬ್ಬಿಣದ ಎರಡು ಪೈಪು ಸೇರುವ ಕಡೆ ಸೆಣಬು ತುರುಕಿ, ಕಾಯಿಸಿದ ಸೀಸ ಹುಯ್ಯಬೇಕು. ಅಲ್ಲಿ ಒಂದು ಹನಿ ನೀರಿದ್ದರೂ ಸೀಸ ಬಾಂಬಿನಂತೆ ಸಿಡಿಯುತ್ತದೆ. ಸಾಬರು ಗುಂಡಿಯಲ್ಲಿದ್ದರು, ನಾನು ವಾಲ್ವಿನ ಹತ್ತಿರ. ನನ್ನ ಹೆಂಡತಿ ಗಂಗರತ್ನಮ್ಮ ಬಾಣಂತನಕ್ಕೆ ಬಾಗಲೂರಿಗೆ ಹೋಗಿದ್ದಳು, ಅವತ್ತು ನನ್ನ ಮಗಳ ನಾಮಕರಣ. ಒಂದು ಗಂಟೆಯ ಬಸ್ಸು ತಪ್ಪಿದರೆ ಮುಗಿಯಿತು. ಹನ್ನೆರಡೂವರೆ ಆಗಿತ್ತು. ವಾಲ್ವು ತಿರುಗಿಸುವ ಕೀ ಹಿಡಿದು ಕಾಯುತ್ತಾ, ಇವರು ಇನ್ನೂ ಏನು ಮಾಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದೆ.

ಪೈಪು ಒಂದು ಸಲ ಬಡಿಯಿತು. ಟಣ್.

ತಾಳು ಅಂತ ಅರ್ಥ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ, ಇನ್ನೇನು ಮುಗಿದೇ ಇರುತ್ತದೆ, ಎರಡನೆಯದು ಬರುವಷ್ಟರಲ್ಲಿ ನೀರು ಅಲ್ಲಿಗೆ ಮುಟ್ಟಿರಲಿ ಎಂದು ಕೀ ತಿರುಗಿಸಿದೆ. ಎರಡನೆಯದು ಬರಲಿಲ್ಲ. ಬಂದದ್ದು ಅವರ ಕೂಗು. ರೈಲಿನ ಗದ್ದಲದಲ್ಲೂ ಕೇಳಿಸಿತು.

ಸೀಸ ಮುಖಕ್ಕೂ ಎದೆಗೂ ಹಾರಿತ್ತು. ಜನ ಸೇರಿ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರು. ಎರಡು ದಿನ ಬದುಕಿದ್ದರು. ಆ ಎರಡು ದಿನವೂ ನಾನು ಆಸ್ಪತ್ರೆಯ ಗೇಟಿನ ತನಕ ಹೋಗಿ ವಾಪಸ್ಸು ಬಂದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಏನಾಯಿತು ಎಂದು ಕೇಳಿದವರಿಗೆಲ್ಲ, ಪೊಲೀಸರಿಗೂ, ಒಂದೇ ಮಾತು ಹೇಳಿದೆ: "ಸಾಬರು ಎರಡ್ ಸಲ ಬಡಿದ್ರು, ನಾನು ನೀರು ಬಿಟ್ಟೆ." ನಲ್ಲಿ ಆಫೀಸಿನ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದುಕೊಂಡರು. 'ಮೃತನ ಸ್ವಂತ ಅಜಾಗರೂಕತೆಯಿಂದ.' ಮೂವತ್ತು ವರ್ಷ ಒಂದು ತೊಟ್ಟು ಸೋರಿಸದ ಮನುಷ್ಯನ ಹೆಸರಿನ ಮುಂದೆ ಆ ಸಾಲು ಬಿತ್ತು. ಅದಾದ ಮೇಲೆ ಸ್ಟೇಷನ್ನಿನ ಟೀ ಅಂಗಡಿಯಲ್ಲೂ ಅದೇ ಮಾತು. ಸಾಬರಿಗೆ ವಯಸ್ಸಾಗಿತ್ತು, ಕೈ ತಪ್ಪಿತು ಅಂತ. ನಾನು ತಲೆ ತಗ್ಗಿಸಿ ಟೀ ಕುಡಿದೆ.

ನಲವತ್ತನೇ ದಿನ ಕಳೆದ ಮೇಲೆ ಕೆಲಸದ ಪುಸ್ತಕ ಕೇಳಲು ಅವರ ಮನೆಗೆ ಹೋದೆ. ಎಂಥ ಮುಖ ಹೊತ್ತು ಹೋದೆನೋ ದೇವರಿಗೇ ಗೊತ್ತು. ಸಾಬರ ಹೆಂಡತಿ ರೆಹಾನಾ ಅಮ್ಮ ಪೆಟ್ಟಿಗೆಯಿಂದ ಪುಸ್ತಕ ತೆಗೆದು, ಕೊಡುವ ಮೊದಲು ಒಂದು ಮಾತು ಕೇಳಿದರು.

"ಅವತ್ತು ಎಷ್ಟು ಸಲ ಬಡಿದ್ರಪ್ಪ?"

"ಎರಡು," ಅಂದೆ.

ಅವರು ಪುಸ್ತಕ ಕೊಟ್ಟರು.

ಆಮೇಲೆ ಶುರುವಾಯಿತು. ಲೈಸೆನ್ಸ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ. ಅಲ್ಲಿಯವರೆಗೆ ಹೊಟ್ಟೆಪಾಡಿಗೆ ವೆಂಕಟೇಶಪ್ಪ ಎಂಬ ಇನ್ನೊಬ್ಬ ಲೈಸೆನ್ಸುದಾರರ ಕೈಕೆಳಗೆ ಸೇರಿದ್ದೆ. ಹೆಬ್ಬಾಳದಲ್ಲಿ ಸುಬ್ಬಲಕ್ಷ್ಮಮ್ಮ ಎಂಬುವರ ಹೊಸ ಮನೆಗೆ ನಲ್ಲಿ ಹಾಕುತ್ತಿದ್ದೆ. ಮಟಮಟ ಮಧ್ಯಾಹ್ನ. ಕೆಲಸ ಮುಗಿಸಿ ವಾಲ್ವಿಗೆ ಕೈ ಹಾಕಿದೆ.

ಟಣ್.

ತುಂಬಾ ದೂರದಿಂದ ಬಂದ ಸದ್ದು. ನನ್ನ ಕಿವಿ ಲೆಕ್ಕ ಹಾಕಿತು, ಅರ್ಧ ಫರ್ಲಾಂಗು. ಆದರೆ ಆ ಲೈನಿನ ಉದ್ದವೇ ಹತ್ತು ಮಾರು.

"ಯಾರಪ್ಪ ಅದು ಬಡಿದಿದ್ದು?" ಎಂದು ಸುಬ್ಬಲಕ್ಷ್ಮಮ್ಮ ಅಡುಗೆಮನೆಯಿಂದ ಕೇಳಿದರು. ಅವರಿಗೂ ಕೇಳಿಸಿತ್ತು. ಕೈ ತೆಗೆದೆ, ಸದ್ದಿಲ್ಲ. ಒಂದು ಗಂಟೆ ಜಗಲಿಯ ಮೇಲೆ ಕೂತೆ, ಸದ್ದಿಲ್ಲ. ಮತ್ತೆ ಎದ್ದು ವಾಲ್ವು ಮುಟ್ಟಿದೆ. ಟಣ್. ಕೊನೆಗೆ, "ಅಮ್ಮಾ, ಒಸ ನಲ್ಲಿ, ಮನೆ ಲಕ್ಷ್ಮಿ ಕೈಯಿಂದ್ಲೇ ಮೊದಲ ನೀರು ಬರಲಿ," ಅಂದೆ. ಅವರು ಕೈ ತೊಳೆದು, ಕುಂಕುಮ ಹಚ್ಚಿ, ಖುಷಿಯಿಂದ ತಿರುಗಿಸಿದರು. ಸದ್ದೇ ಬರಲಿಲ್ಲ, ನೀರು ಬಂತು.

ಅಲ್ಲಿಂದ ಮುಂದೆ ಅದೇ ನನ್ನ ಪದ್ಧತಿಯಾಯಿತು. ಹೆಬ್ಬಾಳ, ಯಲಹಂಕ, ಎಲ್ಲಿ ಹೋದರೂ ಮನೆಯ ಹೆಂಗಸರ ಕೈಯಿಂದಲೇ ವಾಲ್ವು ತಿರುಗಿಸುತ್ತಿದ್ದೆ. ಆಂಜಿನಪ್ಪನಿಗೆ ಎಂಥ ಸಂಸ್ಕಾರ ನೋಡಿ ಎಂದು ಜನ ಮಾತಾಡಿಕೊಂಡರು. ನನ್ನ ಹೆದರಿಕೆ ಊರಿಗೆಲ್ಲ ಸಂಸ್ಕಾರವಾಗಿ ಕಂಡಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸದ್ದು ಬಂದದ್ದಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು. ಅದು ಹತ್ತಿರ ಬರುತ್ತಿತ್ತು. ಆಷಾಢದ ಹೊತ್ತಿಗೆ ನಲವತ್ತು ಮಾರು ದೂರದಲ್ಲಿ ಕೇಳಿಸಿತು. ದಸರೆಗೆ ಇಪ್ಪತ್ತು ಮಾರು. ಕಾರ್ತಿಕದಲ್ಲಿ ಯಲಹಂಕದ ಒಂದು ಅಂಗಳದಲ್ಲಿ, ಇನ್ನೂ ಯಾವುದಕ್ಕೂ ಕೂಡಿಸದ, ನೆಲದ ಮೇಲೆ ಸುಮ್ಮನೆ ಬಿದ್ದಿದ್ದ ಪೈಪನ್ನು ಎತ್ತಲು ಬಗ್ಗಿದೆ. ಕೈ ತಾಕಿದ್ದೇ ತಡ, ಒಂದು ಸಲ ಬಡಿಯಿತು. ಮೂರು ಮಾರು. ಪೈಪಿನ ಎರಡೂ ಬಾಯಿ ತೆರೆದೇ ಇದ್ದವು. ಬಗ್ಗಿ ನೋಡಿದರೆ ಆ ಕಡೆಯ ಬೆಳಕು ದುಂಡಗೆ ಕಾಣುತ್ತಿತ್ತು, ಒಳಗೆ ಏನೂ ಇರಲಿಲ್ಲ. ಕಬ್ಬಿಣ ಮಾತ್ರ ಬಹಳ ಹೊತ್ತು ನನ್ನ ಅಂಗೈಯಲ್ಲಿ ನಡುಗುತ್ತಿತ್ತು.

ಅದರ ಮಾರನೇ ದಿನವೇ ರೆಹಾನಾ ಅಮ್ಮನ ಮನೆಗೆ ಹೋದೆ. ಪುಸ್ತಕದ ಒಂದು ಹಾಳೆ ಪೆಟ್ಟಿಗೆಯಲ್ಲೇ ಉಳಿದಿರಬಹುದು ಎಂದು ನೆಪ ಹೇಳಿದೆ. ಅವರು ಮತ್ತೆ ಅದೇ ಮಾತು, ಅದೇ ದನಿಯಲ್ಲಿ ಕೇಳಿದರು. ನಾನು ಮತ್ತೆ ಎರಡು ಅಂದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಆದರೆ ಪರೀಕ್ಷೆಗೆ ಮೂರೇ ತಿಂಗಳಿತ್ತು.

ಫಾರಂ ತುಂಬುವ ದಿನ ಹನ್ನೊಂದನೇ ಕಲಮಿನ ಹತ್ತಿರ ಪೆನ್ನು ನಿಂತಿತು. 'ಅರ್ಜಿದಾರನ ಕೈಯಿಂದ ಕೆಲಸದ ವೇಳೆ ಯಾರಿಗಾದರೂ ಗಾಯ ಅಥವಾ ಮರಣ ಸಂಭವಿಸಿದೆಯೇ? ಸಂಭವಿಸಿದ್ದರೆ ವಿವರ.' ಹೌದು ಎಂದು ಬರೆದವನಿಗೆ ಲೈಸೆನ್ಸ್ ಇಲ್ಲ ಎಂದು ಆಫೀಸಿನ ಜವಾನನಿಗೂ ಗೊತ್ತಿತ್ತು. ಇಲ್ಲ ಎಂದು ಬರೆಯಲು ಹೋದರೆ ಕೈ ಬರಲಿಲ್ಲ. ಖಾಲಿ ಬಿಟ್ಟೆ. ಪರೀಕ್ಷೆ ಪಾಸಾದ ಮೇಲೆ ಬರೆದು ಕೊಡು ಎಂದು ಗುಮಾಸ್ತ ಫಾರಮನ್ನು ನನ್ನ ಕೈಗೇ ಕೊಟ್ಟ.

ಅರವತ್ತೊಂದರ ಫೆಬ್ರವರಿ. ಯಶವಂತಪುರದ ಆಚೆ ಒಂದು ಬಯಲಿನಲ್ಲಿ ಪರೀಕ್ಷೆ. ಇನ್‌ಸ್ಪೆಕ್ಟರ್ ನರಸಿಂಹಯ್ಯನವರು ಒಳ್ಳೆಯ ಮನುಷ್ಯ, ಹಬೀಬುಲ್ಲಾ ಸಾಬರನ್ನು ಬಲ್ಲವರು. ಇಬ್ಬಿಬ್ಬರಿಗೆ ಒಂದು ಲೈನು. ಒಬ್ಬ ಗುಂಡಿಯಲ್ಲಿ ಸೀಸದ ಜಾಯಿಂಟು ಮಾಡಬೇಕು, ಇನ್ನೊಬ್ಬ ವಾಲ್ವಿನ ಹತ್ತಿರ ಇರಬೇಕು, ಆಮೇಲೆ ಅದಲುಬದಲು. ನನ್ನ ಜೊತೆಗೆ ಬಿದ್ದವನು ಮಾಕಳಿಯ ಪಿಳ್ಳಪ್ಪ. ಮುಂಚೆ ಅವನ ಮುಖ ನೋಡಿದವನಲ್ಲ.

ಚೀಟಿ ಎತ್ತಿದರು. ಗುಂಡಿ ನನಗೆ ಬಂತು. ವಾಲ್ವು ಮುಟ್ಟುವ ಕೆಲಸ ಸದ್ಯಕ್ಕೆ ತಪ್ಪಿತಲ್ಲ ಎಂದು ಸಮಾಧಾನವೇ ಆಯಿತು.

ಇಳಿದೆ. ಸೆಣಬು ತುರುಕಿದೆ. ಸೀಸ ಕಾದು ಕನ್ನಡಿಯಂತೆ ಹೊಳೆಯುತ್ತಿತ್ತು. ಸೌಟಿನಲ್ಲಿ ತುಂಬಿಕೊಂಡು ಎರಡೂ ಕೈಯಲ್ಲಿ ಹಿಡಿದು ಮಂಡಿಯೂರಿದೆ. ಗುಂಡಿಯ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ನರಸಿಂಹಯ್ಯನವರು ನನ್ನ ಕೈಯನ್ನೇ ನೋಡುತ್ತಿದ್ದರು. ಗುಂಡಿಯ ಒಳಗೆ ಅವತ್ತು ಎಷ್ಟು ತಣ್ಣಗಿತ್ತೆಂದರೆ, ಕಾದ ಸೀಸದ ಮುಂದೆಯೂ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ನನ್ನ ಪಕ್ಕದಲ್ಲಿ ಇನ್ನೊಬ್ಬರು ಮಂಡಿಯೂರಿ ಕೂತಿದ್ದಾರೆ ಅನ್ನಿಸಿತು. ಬೀಡಿಯ ವಾಸನೆ ಬಂತು. ತಿರುಗಿ ನೋಡಲಿಲ್ಲ.

ಆಗ ಪೈಪು ಬಡಿಯಿತು. ಮಾರು ದೂರವಲ್ಲ, ಗೇಣು ದೂರವೂ ಅಲ್ಲ, ನನ್ನ ಮೊಣಕೈಯ ಕೆಳಗೆ. ಟಣ್.

ಟಣ್.

ವರ್ಷದಲ್ಲಿ ಮೊದಲನೇ ಸಲ ಎರಡು.

ಆ ಕಡೆ ಪಿಳ್ಳಪ್ಪ ಕೀ ತಿರುಗಿಸಿದ ಕಿರುಗುಟ್ಟುವ ಸದ್ದು ಪೈಪಿನಲ್ಲಿ ನಡೆದು ಬಂತು, ಅದರ ಹಿಂದೆಯೇ ನೀರಿನ ಮೊರೆತ. ಸೌಟನ್ನು ಮೇಲಕ್ಕೆ, ಬಯಲಿಗೆ ಎಸೆದೆ. ಅರ್ಧ ಸೀಸ ಅಂಚಿನ ಮಣ್ಣಿನ ಮೇಲೆ ಬಿದ್ದು ಚಿಟಪಟ ಸಿಡಿಯಿತು. ಒಂದು ಹನಿ ನನ್ನ ಪಾದದ ಮೇಲೆ ಬಿತ್ತು. ಜಾಯಿಂಟಿನಿಂದ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಒಂದು ಕ್ಷಣ ತಡವಾಗಿದ್ದರೆ ಹೊಡೆಯುತ್ತಿದ್ದದ್ದು ನೀರಲ್ಲ.

ಪಿಳ್ಳಪ್ಪ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು. "ಎರಡ್ ಸಲ ಬಡಿದ್ರಿ, ನಾನು ನೀರು ಬಿಟ್ಟೆ ಕಣಣ್ಣ," ಅಂದ.

ನಾನು ಒಂದು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದ ಮಾತು. ವ್ಯತ್ಯಾಸ ಇಷ್ಟೇ, ಅವನು ನಿಜ ಹೇಳುತ್ತಿದ್ದ.

ನರಸಿಂಹಯ್ಯನವರು ನನ್ನನ್ನು ಕೈಹಿಡಿದು ಮೇಲಕ್ಕೆಳೆದು, ಕಾಲಿಗೆ ಎಣ್ಣೆ ಹಚ್ಚಿಸಿ, ಟೀ ತರಿಸಿದರು. "ಇವನು ಬಡೀಲಿಲ್ಲ ಕಣಯ್ಯ, ನಾನೇ ನೋಡ್ತಿದ್ದೆ, ಎರಡೂ ಕೈ ಸೌಟಿನ ಮೇಲಿತ್ತು," ಎಂದು ಪಿಳ್ಳಪ್ಪನಿಗೆ ಹೇಳಿದರು. ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿದರು. "ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ, ಒಳಗೆ ಗಾಳಿ ಇರುತ್ತೆ. ತಾನಾಗೇ ಬಡೀತು. ಅವತ್ತು ಹಬೀಬುಲ್ಲಾ ಸಾಬರ ಕೆಲಸದಲ್ಲೂ ಇಂಥದ್ದೇ ಆಗಿರ್ಬೇಕು. ಅವರೂ ತಪ್ಪು ಮಾಡಿಲ್ಲ, ನೀನೂ ಮಾಡಿಲ್ಲ. ರಿಜಿಸ್ಟರಿನಲ್ಲಿ ಹಾಗೇ ತಿದ್ದಿ ಬರೀತೀನಿ. ಸೋಮವಾರ ಬಾ, ಇನ್ನೊಂದ್ಸಲ ಜಾಯಿಂಟು ಮಾಡು. ಹನ್ನೊಂದನೇ ಕಲಮಿಗೆ 'ಇಲ್ಲ' ಅಂತ ಬರಿ, ಲೈಸೆನ್ಸ್ ತಗೊಂಡು ಹೋಗು."

ದೇವರು ವರ ಕೊಡುವುದು ಹೀಗೆಯೇ ಇರಬೇಕು. ಸಾಬರ ಹೆಸರು ಚೊಕ್ಕವಾಗುತ್ತದೆ, ನನಗೆ ಲೈಸೆನ್ಸ್ ಸಿಗುತ್ತದೆ. ತಪ್ಪು ಬಿಸಿಲಿನದು. ಬಿಸಿಲಿನ ಮೇಲೆ ಯಾರು ಕೇಸು ಹಾಕುತ್ತಾರೆ? ನಾನು ಕುಂಟುತ್ತಲೇ, ಸಂತೋಷದಿಂದ, ರೆಹಾನಾ ಅಮ್ಮನಿಗೆ ಸುದ್ದಿ ಹೇಳಲು ನಡೆದೆ. ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವರು ಅಂಗಳದಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಪೈಪು ತಾನಾಗಿಯೇ ಬಡಿದದ್ದು, ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡದ್ದು, ರಿಜಿಸ್ಟರ್ ತಿದ್ದುತ್ತೇನೆ ಎಂದದ್ದು. ಅವರ ಬೆರಳು ಅಕ್ಕಿಯಲ್ಲಿ ಆಡುತ್ತಲೇ ಇತ್ತು.

"ಹಂಗಾದ್ರೆ ಅವತ್ತು ಪೈಪು ಎಷ್ಟು ಸಲ ಬಡೀತು?" ಎಂದು ಕೇಳಿದರು.

ಮೂರನೇ ಸಲ ಅದೇ ಪ್ರಶ್ನೆ. ನಾನು ಬಾಯಿ ತೆರೆದೆ. ಆಮೇಲೆ ಸುತ್ತ ನೋಡಿದೆ. ಯಶವಂತಪುರದ ಅರ್ಧ ಮನೆಗಳಿಗೆ ನಲ್ಲಿ ಹಾಕಿದ ಮನುಷ್ಯ ತನ್ನ ಮನೆಗೆ ಹಾಕಿಸಿಕೊಂಡಿರಲಿಲ್ಲ. ಬಾವಿ, ಹಗ್ಗ, ಕೊಡ, ಅಷ್ಟೇ. ಒಂದು ಗೇಣು ಪೈಪೂ ಇಲ್ಲ. ವರ್ಷವೆಲ್ಲ ನನ್ನ ಕೈ ತಡೆದ ಸದ್ದು ಇಲ್ಲಿಗೆ ಬರುವ ಹಾಗಿರಲಿಲ್ಲ. ತಡೆಯಲು ಯಾರೂ ಇರಲಿಲ್ಲ. ಎರಡು ಎಂದರೆ ಎರಡೇ ಆಗುತ್ತಿತ್ತು. ಆ ಮೌನವನ್ನು ನನಗೆ ತಡೆಯಲಾಗಲಿಲ್ಲ.

"ಒಂದೇ," ಅಂದೆ. "ಒಂದ್ಸಲ ಬಡಿದಿದ್ದು. ನನಗೆ ಕೇಳಿಸ್ತು. ಬಸ್ಸಿಗೆ ಓಗ್ಬೇಕಿತ್ತು, ತಿರುಗಿಸ್ಬಿಟ್ಟೆ."

ಅವರ ಕೈ ನಿಂತಿತು. "ಗೊತ್ತು," ಅಂದರು.

"ಆಸ್ಪತ್ರೆಯಲ್ಲಿ ಎರಡನೇ ದಿನ ಅವರಿಗೆ ಮಾತು ಬಂತು," ಎಂದರು ರೆಹಾನಾ ಅಮ್ಮ. ದನಿ ಏರಿಸಲಿಲ್ಲ. "'ನಾನು ಬಡಿದಿದ್ದು ಒಂದೇ. ಆದ್ರೆ ಯಾರು ಕೇಳಿದ್ರೂ ಎರಡು ಅಂತ್ಲೇ ಹೇಳು. ಇಲ್ದಿದ್ರೆ ಆಂಜಿನಿಗೆ ಲೈಸೆನ್ಸ್ ಸಿಗಲ್ಲ' ಅಂದ್ರು. ಪೊಲೀಸ್ನೋರು ಬಂದು ಕೇಳ್ದಾಗ ನಾನೇ ಹೇಳ್ದೆ, ನಮ್ಮನೆಯೋರೇ ಎರಡು ಬಡಿದ್ರಂತೆ ಅಂತ. ಬೀದಿಯವರೆಲ್ಲ ಕೈ ತಪ್ಪಿದ ಮುದುಕ ಅಂದಾಗ್ಲೂ ಸುಮ್ನೆ ಕೇಳ್ಕೊಂಡೆ."

ನಾನು ಅವರ ಮುಂದೆ ನೆಲದ ಮೇಲೆ ಕೂತೆ. ಅತ್ತೆ. ಮೂವತ್ತು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ. "ನನ್ನ ಮಾಫ್ ಮಾಡಿ ಅಮ್ಮಾ," ಅಂದೆ.

"ಅವರು ಮಾಡಿ ಹೋದ್ರು. ಅದು ಅವರ ದೊಡ್ಡತನ," ಎಂದರು. "ನಾನು ಮಾಡಿಲ್ಲಪ್ಪ. ಅವರ ಹೆಸರಿನ ಮೇಲೆ ನನ್ನ ಕೈಯಾರೆ ಮಣ್ಣು ಹಾಕಿದೀನಿ, ನಿನಗೋಸ್ಕರ. ಬಿಸಿಲಿನ ಕತೆ ನನಗೆ ಬೇಡ. ಹೋಗಿ ಅದನ್ನ ತೆಗೆದು ಬಾ."

ಸೋಮವಾರ ಹನ್ನೊಂದನೇ ಕಲಮು ತುಂಬಿಕೊಂಡು ಹೋದೆ. 'ಹೌದು. ಒಬ್ಬರು. ಹಬೀಬುಲ್ಲಾ ಸಾಬರು. ಅವರು ಒಂದು ಸಲ ಬಡಿದರು, ನಾನು ಕೇಳಿಯೂ ನೀರು ಬಿಟ್ಟೆ.' ನರಸಿಂಹಯ್ಯನವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು.

"ಇದನ್ನ ಇಟ್ಕೊಂಡ್ರೆ ನಿನ್ನ ಜೀವಮಾನದಲ್ಲಿ ಲೈಸೆನ್ಸ್ ಇಲ್ಲ. ಹರಿದು ಹಾಕ್ಲಾ?" ಎಂದರು.

"ಬೇಡಿ ಸಾರ್," ಅಂದೆ. ಹೇಳುವಾಗಲೂ ಕಣ್ಣು ಆ ಫಾರಮಿನ ಮೇಲೇ ಇತ್ತು. ಲೈಸೆನ್ಸಿನ ಆಸೆ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ.

ಪೊಲೀಸರು ಕರೆಸಿ ಮತ್ತೆ ಹೇಳಿಕೆ ಬರೆದುಕೊಂಡರು. ಕೋರ್ಟಿನಲ್ಲಿ ಆರು ತಿಂಗಳ ಶಿಕ್ಷೆಯಾಯಿತು, ಅನುಭವಿಸಿ ಬಂದೆ. ರಿಜಿಸ್ಟರಿನ ಸಾಲಿಗೆ ಅಡ್ಡಗೆರೆ ಬಿತ್ತು, ಪಕ್ಕದಲ್ಲಿ ನನ್ನ ಹೆಸರು ಬಂತು. ಸರ್ಕಾರಿ ಕಾಗದದ ಮೇಲೆ ಮುನಿಆಂಜಿನಪ್ಪ ಎಂಬ ಹೆಸರು ಇರುವುದು ಅಲ್ಲಿ ಒಂದೇ ಕಡೆ. ಅದರ ನಕಲನ್ನು ತೆಗೆದುಕೊಂಡು ಸ್ಟೇಷನ್ನಿನ ಹಿಂದಿನ ಬೀದಿಗೆ ಹೋದೆ.

ರೆಹಾನಾ ಅಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಓದು ಅಂದರು. ಓದಿದೆ. ಅಕ್ಕಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ ಇನ್ನೊಂದು ಸಲ ಓದು ಅಂದರು. ಗಟ್ಟಿಯಾಗಿ ಓದಿದೆ. ಎದುರು ಮನೆಯ ಜಗಲಿಯಲ್ಲಿ ಬೀಡಿ ಸೇದುತ್ತಿದ್ದವರು ಎದ್ದು ನಿಂತು ಕೇಳಿದರು. ರೆಹಾನಾ ಅಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡರು, ಸೆರಗಿನಲ್ಲಿ ಮಡಚಿಟ್ಟುಕೊಂಡರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಗುಳಿ ಬಿದ್ದದ್ದು ಕೇಳಿಸಿತು. ನಾನು ಲೈಸೆನ್ಸುದಾರ ವೆಂಕಟೇಶಪ್ಪನವರ ಹೆಸರಿನಲ್ಲಿ ಗುಂಡಿ ತೋಡಲು ಹೋದೆ.